ಎರಡು ಮದುವೆ ತಾರೀಕು, ಒಂದು ಒಸಿಐ ಕಾರ್ಡು

ನನ್ನ ಹೆಂಡತಿ ಫ್ರಾನ್ಸ್‌ನವಳು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಕಪ್ಪೆಗಳ ಬಗ್ಗೆ ಓದಲು ಬಂದವಳು ಅಡಿಕೆ ಸುಲಿಯುವುದನ್ನು ಕಲಿತು ಇಲ್ಲೇ ಉಳಿದಳು. ಆ ಕಥೆ ಇಲ್ಲಿ ಬೇಡ. ಅವಳನ್ನು ಕಾಗದದ ಮೇಲೂ ಇಲ್ಲೇ ಉಳಿಸಿಕೊಳ್ಳಲು ನಾವು ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನಷ್ಟೇ ಬರೆಯುತ್ತೇನೆ. ನಮ್ಮ ಸುತ್ತಮುತ್ತ ಇಂಥ ಮದುವೆಗಳು ಈಗ ಒಂದೊಂದಾಗಿ ಆಗುತ್ತಿವೆ. ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಅಮೆರಿಕದ ಗ್ರೀನ್ ಕಾರ್ಡ್ ಥರದ ಪಿಆರ್, ಅಂದರೆ ಕಾಯಂ ಆಗಿ ಉಳಿಯುವ ಅನುಮತಿ, ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಲ್ಲ. ವಿದೇಶಿ ಹೂಡಿಕೆದಾರರಿಗೆ ಅಂತ ಒಂದು ಇದೆ, ಅದಕ್ಕೆ ಕಡಿಮೆ ಅಂದರೂ 10 ಕೋಟಿ ಹಾಕಬೇಕು. ನಮ್ಮ ಇಡೀ ಊರಿನ ತೋಟ ಮಾರಿದರೂ ಸಾಕಾಗುತ್ತೋ ಇಲ್ಲವೋ. ನಮ್ಮಂಥವರಿಗೆ ಇರುವುದು ಒಸಿಐ, ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ. ಹೆಸರಲ್ಲಿ ಸಿಟಿಜನ್ ಅಂತ ಇದ್ದರೂ ಪೌರತ್ವ ಅಲ್ಲ. ಆಯುಷ್ಯವಿಡೀ ನಡೆಯುವ ವೀಸಾ ಅಂದುಕೊಳ್ಳಿ. ಭಾರತೀಯರನ್ನು ಮದುವೆಯಾದ ವಿದೇಶಿಯರು ಇದನ್ನು ಕೇಳಬಹುದು. ಆದರೆ ಮದುವೆ ನೋಂದಣಿಯಾಗಿ, ಅರ್ಜಿ ಹಾಕುವ ಹೊತ್ತಿಗೆ ಬಿಡದೆ ಎರಡು ವರ್ಷ ಆಗಿರಬೇಕು.

ಆ 'ನೋಂದಣಿಯಾಗಿ' ಅನ್ನುವ ಮಾತನ್ನು ನಾವು ಸರಿಯಾಗಿ ಓದಿರಲಿಲ್ಲ.

ನಮ್ಮ ಧಾರೆ ಆಗಿದ್ದು 2019ರ ಮೇ ತಿಂಗಳಲ್ಲಿ, ನಮ್ಮ ಮನೆಯ ಅಂಗಳದ ಚಪ್ಪರದಲ್ಲಿ. ಪುರೋಹಿತರು ಅವಳಿಗೂ ಒಂದು ಗೋತ್ರ ಹುಡುಕಿ ಕೊಟ್ಟರು. ಮುನ್ನೂರು ಎಲೆ ಊಟ ಹಾಕಿದೆವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಅಂತ ನಮ್ಮ ಅಮ್ಮನ ವಾದ. ಬೇಕಂತೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡು ಹೆಣ್ಣು ಇಬ್ಬರೂ ಹಿಂದೂಗಳಾಗಿರಬೇಕು. ಇವಳು ಅಲ್ಲ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ನೋಂದಣಿ ಮಾಡಿಸಬೇಕಿತ್ತು. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂತ ತಳ್ಳಿದೆ. ಕೊಯ್ಲು ಮುಗಿಯುವಷ್ಟರಲ್ಲಿ ಕೋವಿಡ್ ಬಂತು. ಆಗ ಸರ್ಕಾರ ವಿದೇಶಿಯರ ವೀಸಾ ಅವಧಿಯನ್ನು ಮುಂದೂಡುತ್ತಾ ಬಂದಿದ್ದರಿಂದ ಅವಳ ಸಂಶೋಧನಾ ವೀಸಾದ ಚಿಂತೆ ಇರಲಿಲ್ಲ. ಚಿಂತೆ ಇಲ್ಲದಿದ್ದಾಗ ಮನುಷ್ಯ ಆಫೀಸಿನ ಮೆಟ್ಟಿಲು ಹತ್ತುತ್ತಾನಾ?

ಕೊನೆಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದಾಗ 2020ರ ಡಿಸೆಂಬರ್ ಬಂದಿತ್ತು. ಬೇರೆ ರೀತಿಯಲ್ಲಿ ಆಗಿರುವ ಮದುವೆಯನ್ನು ಈ ಕಾಯ್ದೆಯ ಅಡಿ ನೋಂದಾಯಿಸಲು 15ನೇ ಕಲಂ ಇದೆ. ಅರ್ಜಿಗೆ ಮುಂಚೆ ಇಬ್ಬರೂ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ಅರ್ಜಿ ಕೊಟ್ಟ ಮೇಲೆ ನೋಟಿಸ್ ಹಾಕಿ, ಯಾರದ್ದಾದರೂ ಆಕ್ಷೇಪಣೆ ಬರುತ್ತದಾ ಅಂತ ಮತ್ತೆ 30 ದಿನ ಕಾಯುತ್ತಾರೆ. ಅವಳ ದೇಶದ ಕಡೆಯಿಂದ ಮದುವೆಗೆ ಅಡ್ಡಿ ಇಲ್ಲ ಅನ್ನುವ ಪತ್ರವನ್ನೂ ಕೇಳಿದರು. ಆ ನೋಟಿಸ್ ಬೋರ್ಡಿನ ದೆಸೆಯಿಂದ ಊರಲ್ಲಿ ಒಂದು ತಮಾಷೆ ಹುಟ್ಟಿತು. ಜಮೀನಿನ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ಪಕ್ಕದ ಮನೆ ಚಿಕ್ಕಪ್ಪ ಅದನ್ನು ಓದಿಕೊಂಡು ಬಂದು, 'ಎಂತ ಮಾರಾಯ, ಮತ್ತೊಂದು ಮದುವೆ ಆಗ್ತಿದ್ದೀಯಂತೆ!' ಅಂದರು. ಕಡೆಗೆ ಮೂವರು ಸಾಕ್ಷಿಗಳಲ್ಲಿ ಅವರನ್ನೇ ಒಬ್ಬರಾಗಿ ಕರೆದುಕೊಂಡು ಹೋದೆ.

2021ರ ಫೆಬ್ರವರಿಯಲ್ಲಿ ಪ್ರಮಾಣಪತ್ರ ಕೈಗೆ ಬಂತು. ಮದುವೆ ನೋಂದಣಿ ಪುಸ್ತಕದಲ್ಲಿ ದಾಖಲಾದ ದಿನದಿಂದ ಈ ಕಾಯ್ದೆಯಡಿ ಮದುವೆ ಆದಂತೆ ಲೆಕ್ಕ. ಅಂದರೆ ನಮ್ಮ ಎರಡು ವರ್ಷದ ಎಣಿಕೆ ಶುರುವಾಗಿದ್ದೂ ಆವತ್ತೇ. 2019ರಲ್ಲೇ ಮಾಡಿಸಿದ್ದರೆ 2021ಕ್ಕೆ ಅರ್ಜಿ ಹಾಕಬಹುದಿತ್ತು. ನನ್ನ ಸೋಮಾರಿತನಕ್ಕೆ ಸುಮಾರು ಎರಡು ವರ್ಷ ದಂಡ.

ನಡುವಿನ ಎರಡು ವರ್ಷಕ್ಕೆ ಎಂಟ್ರಿ ವೀಸಾಕ್ಕೆ ಬದಲಾಯಿಸಿಕೊಂಡೆವು. ಅದನ್ನು ಎಕ್ಸ್ ವೀಸಾ ಅಂತಲೂ ಕರೆಯುತ್ತಾರೆ. ಇದೆಲ್ಲ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದ ಇ-ಎಫ್‌ಆರ್‌ಆರ್‌ಒ ಅನ್ನುವ ತಾಣದಲ್ಲೇ ಆಗುತ್ತದೆ, ಕಚೇರಿಗೆ ಓಡಾಟ ಕಡಿಮೆ. ಕಷ್ಟ ಆಗಿದ್ದು ಆಗಿನ ಸಿ ಫಾರಂ. ವಿದೇಶಿಯರು ನಿಮ್ಮ ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ತಿಳಿಸಬೇಕು. ಹೋಟೆಲಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಹೆಂಡತಿ ತವರಿನಿಂದ ವಾಪಸ್ ಬಂದರೂ ಹಾಕಬೇಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಮೂರು ದಿನ, ಟವರ್ ಬಿದ್ದರೆ ನಾಲ್ಕು ದಿನ. ಒಂದು ಸಲ ಆ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ, ಎರಡು ಕಡ್ಡಿ ಸಿಗ್ನಲ್‌ನಲ್ಲಿ ಸ್ವಂತ ಹೆಂಡತಿ ನಮ್ಮ ಮನೆಗೆ ಬಂದಿದ್ದಾಳೆ ಅಂತ ಸರ್ಕಾರಕ್ಕೆ ತಿಳಿಸಿದ್ದೇನೆ.

ಇನ್ನು ಫೈಲು. ನಿಜವಾದ ಕೆಲಸ ಇರುವುದು ಇಲ್ಲೇ, ಮತ್ತು ಅದರಲ್ಲಿ ಮುಕ್ಕಾಲು ಪಾಲು ಹೆಸರಿನ ಕೆಲಸ.

ನಾವು ದಕ್ಷಿಣದವರು ಹೆಸರಿನ ಜೊತೆ ಇನಿಷಿಯಲ್ ಇಟ್ಟುಕೊಂಡು ಬೆಳೆದವರು. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ. ಆಧಾರ್‌ನಲ್ಲಿ ಅವೇ ಅಕ್ಷರಗಳು ಹೆಸರಿನ ಹಿಂದೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಉದ್ದಕ್ಕೆ ಬಂದಿವೆ. ಮದುವೆ ಪ್ರಮಾಣಪತ್ರಕ್ಕೆ ನಾನು ಕೊಟ್ಟಿದ್ದು ಆಧಾರ್. ಹಾಗಾಗಿ ಫ್ರಾನ್ಸ್‌ನ ಹೆಣ್ಣು ಮದುವೆಯಾದ ಗಂಡಸು ಒಬ್ಬ, ಪಾಸ್‌ಪೋರ್ಟ್ ಇರುವ ಗಂಡಸು ಇನ್ನೊಬ್ಬ! ಇದಕ್ಕೆ ಮದ್ದು 'ಒನ್ ಅಂಡ್ ಸೇಮ್' ಅಫಿಡವಿಟ್. ಈ ಎರಡೂ ಹೆಸರು ಒಬ್ಬನದ್ದೇ ಅಂತ ಇ-ಸ್ಟಾಂಪ್ ಪೇಪರ್ ಮೇಲೆ ಬರೆಸಿ ಶಿವಮೊಗ್ಗದಲ್ಲಿ ನೋಟರಿ ಮಾಡಿಸಿದೆ. ನಿಮಗೆ ಇನ್ನೂ ಸಮಯ ಇದ್ದರೆ ಒಂದು ಮಾತು ಕೇಳಿ. ಮದುವೆ ನೋಂದಣಿಗೆ ಹೋಗುವಾಗ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ, ಅದರಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಬರೆಸಿ. ಆ ಒಂದು ಕಾಗದ ಸರಿ ಇದ್ದರೆ ಮುಂದಿನದ್ದೆಲ್ಲ ಸಲೀಸು.

ಅವಳದ್ದು ಉಲ್ಟಾ ಸಮಸ್ಯೆ. ಹೆಂಡತಿಯ ಹೆಸರಿನ ಜೊತೆ ಗಂಡನ ಹೆಸರು ಯಾಕಿಲ್ಲ ಅಂತ ಎಲ್ಲರ ಪ್ರಶ್ನೆ. ಫ್ರಾನ್ಸ್‌ನಲ್ಲಿ ಮದುವೆಯಾದರೂ ಹುಟ್ಟಿನ ಹೆಸರೇ ದಾಖಲೆಯ ಹೆಸರು. ಹೆಸರು ಬದಲಾಯಿಸಿಬಿಡಿ, ಕೆಲಸ ಸುಲಭ ಆಗುತ್ತೆ ಅಂತ ಒಬ್ಬ ಏಜೆಂಟ್ ಸಲಹೆ ಕೊಟ್ಟ. ಹಾಗೆ ಮಾಡಿದ್ದರೆ ಅವಳ ಪಾಸ್‌ಪೋರ್ಟು, ಜನನ ಪತ್ರ, ಡಿಗ್ರಿ ಎಲ್ಲಕ್ಕೂ ನನ್ನ ಥರವೇ ಅಫಿಡವಿಟ್ ಅಂಟಿಸಿಕೊಂಡು ತಿರುಗಬೇಕಿತ್ತು. ಏಜೆಂಟನ್ನು ಅಲ್ಲಿಗೇ ಬಿಟ್ಟೆವು. ಜನನ ಪತ್ರಕ್ಕೆ ಫ್ರಾನ್ಸ್‌ನಲ್ಲಿ ಅಪೊಸ್ಟಿಲ್ ಹಾಕಿಸಿ, ಇಂಗ್ಲಿಷ್ ಅನುವಾದ ಜೊತೆಗಿಟ್ಟೆವು. ಅಪೊಸ್ಟಿಲ್ ಅಂದರೆ ಒಂದು ದೇಶದ ಕಾಗದ ಅಸಲಿ ಅಂತ ಇನ್ನೊಂದು ದೇಶ ಒಪ್ಪಿಕೊಳ್ಳಲು ಹಾಕುವ ಮುದ್ರೆ. ಅವಳ ಅಣ್ಣ ಅಲ್ಲೇ ಇದ್ದಿದ್ದರಿಂದ ಬಚಾವಾದೆವು.

ಫೋಟೋ ಬಗ್ಗೆ ಎರಡೇ ಮಾತು. ಒಸಿಐಗೆ ಚೌಕ ಫೋಟೋ ಬೇಕು, ಎರಡು ಇಂಚಿಗೆ ಎರಡು ಇಂಚು. ನಾವು ಹಾಕುವಾಗ ಹಿನ್ನೆಲೆ ತಿಳಿ ಬಣ್ಣದ್ದಿರಬೇಕು, ಬಿಳಿ ಬೇಡ ಅಂತ ಇತ್ತು. ಊರಿನ ಸ್ಟುಡಿಯೋದಲ್ಲಿ ಸುಮ್ನೆ 'ಪಾಸ್‌ಪೋರ್ಟ್ ಫೋಟೋ' ಅಂದರೆ ಉದ್ದನೆಯದ್ದೇ ತೆಗೆದುಕೊಡುತ್ತಾರೆ. ನಾವು ಎರಡು ಸಲ ತೆಗೆಸಿದೆವು.

ಅರ್ಜಿಯ ಎರಡು ಭಾಗಗಳನ್ನೂ ಆನ್‌ಲೈನ್‌ನಲ್ಲಿ ತುಂಬಿ, ಕಾಗದಗಳನ್ನು ಅಪ್‌ಲೋಡ್ ಮಾಡಿದ ಮೇಲೆ ಅಸಲಿ ದಾಖಲೆ ಹಿಡಿದು ಬೆಂಗಳೂರಿಗೆ ಹೋಗಬೇಕು. 2023ರ ಮಾರ್ಚ್‌ನಲ್ಲಿ ಹೋದೆವು. ತಾಳಗುಪ್ಪದಿಂದ ಬರುವ ಮೈಸೂರು ರೈಲನ್ನು ರಾತ್ರಿ ಶಿವಮೊಗ್ಗದಲ್ಲಿ ಹತ್ತಿದರೆ ಬೆಳಕು ಹರಿಯುವ ಮುಂಚೆ ಬೆಂಗಳೂರು. ಅಕ್ಕನ ಮನೆಯಲ್ಲಿ ಸ್ನಾನ, ತಿಂಡಿ. ಎಫ್‌ಆರ್‌ಆರ್‌ಒ ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ, ಐದನೇ ಮಹಡಿ. ಕೆಳಗೆ ಸಿಟಿ ಬಸ್ಸುಗಳ ಗದ್ದಲ. ಮೇಲೆ ಯಾವ್ಯಾವುದೋ ದೇಶದ ಪಾಸ್‌ಪೋರ್ಟ್ ಹಿಡಿದು ಕೂತ ಜನ. ನಮ್ಮ ಪಕ್ಕದಲ್ಲಿ ಕೂತಿದ್ದ ಅಜ್ಜ ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನ ಕೆಲಸಕ್ಕೆ ದಾವಣಗೆರೆಯಿಂದ ಬಂದಿದ್ದರು. ಅವರ ಬುತ್ತಿಯ ಖಾರ ಮಂಡಕ್ಕಿಯಲ್ಲಿ ನಮಗೂ ಪಾಲು ಸಿಕ್ಕಿತು.

ನಮ್ಮ ಸರದಿ ಬಂದಾಗ ಅಧಿಕಾರಿ ಒಂದೊಂದೇ ಪುಟವನ್ನು ಅಸಲಿಯ ಜೊತೆ ಇಟ್ಟು ನೋಡಿದರು. ಅವಸರ ಇಲ್ಲ, ಗದರಿಕೆ ಇಲ್ಲ. ಆಮೇಲೆ ತಲೆ ಎತ್ತದೆಯೇ ಕೇಳಿದರು, 'ಮದುವೆ ಯಾವಾಗ ಆಯ್ತು?'

'2019 ಮೇ' ಅಂದೆ ನಾನು. '2021 ಫೆಬ್ರವರಿ' ಅಂದಳು ಅವಳು. ಇಬ್ಬರೂ ಒಟ್ಟಿಗೇ.

ಅವರು ಪೆನ್ನು ಕೆಳಗಿಟ್ಟರು. ಫಾರಂನಲ್ಲಿ ಇದ್ದಿದ್ದು 2021. ಅದನ್ನು ತುಂಬಿದವಳು ಅವಳು, ಹಾಗಾಗಿ ಅವಳಿಗೆ ನೆನಪಿತ್ತು. ನನಗೆ ಗಂಟಲು ಒಣಗಿತು. ಧಾರೆ ಯಾವತ್ತು, ನೋಂದಣಿ ಯಾವತ್ತು ಅಂತ ಬಿಡಿಸಿ ಹೇಳಿದೆ. ಧಾರೆಯ ಫೋಟೋ ಇದೆಯಾ ಅಂತ ಕೇಳಿದರು. ಪುಣ್ಯಕ್ಕೆ ಅವಳು ಆಲ್ಬಂನಿಂದ ನಾಲ್ಕು ಫೋಟೋ, ಲಗ್ನಪತ್ರಿಕೆ ಎರಡನ್ನೂ ಫೈಲಿಗೆ ಸೇರಿಸಿದ್ದಳು. ಪಟ್ಟಿಯಲ್ಲಿ ಅದು ಇರಲಿಲ್ಲ, ಇದೆಲ್ಲ ಯಾಕೆ ಹೊರೆ ಅಂತ ರೈಲಿನಲ್ಲಿ ನಾನೇ ಗೊಣಗಿದ್ದೆ. ಫೋಟೋದಲ್ಲಿ ಬಾಸಿಂಗ ಕಟ್ಟಿಕೊಂಡು ಬೆವರುತ್ತಿದ್ದ ನನ್ನನ್ನು ನೋಡಿ ಅವರ ಮುಖ ಸ್ವಲ್ಪ ಸಡಿಲಾಯಿತು. ಇಬ್ಬರೂ ಫಾರಂನಲ್ಲಿ ಇರುವುದನ್ನೇ ಹೇಳಿ ಅಂದರು, ಅಷ್ಟೇ. ಒಸಿಐ ಶುಲ್ಕ 15,000 ರೂಪಾಯಿ ಕಟ್ಟಿ, ರಸೀದಿ ಹಿಡಿದು ಸಂಜೆಯ ರೈಲಿಗೆ ವಾಪಸ್.

ಆಮೇಲೆ ಕಾಯುವ ಕೆಲಸ. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು, ಪೊಲೀಸರೆಲ್ಲ ಆ ಓಡಾಟದಲ್ಲಿದ್ದರು. ನಮ್ಮ ಮನೆಗೆ ವಿಚಾರಣೆಗೆ ಬಂದಾಗ ಜೂನ್. ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ. ಅವಳು ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕ, ಮೈಯೆಲ್ಲ ನೀಲಿ ಮಾಡಿಕೊಂಡು ನಿಂತಿದ್ದಳು. ಬಂದ ಪೊಲೀಸರು ಕಾಫಿ ಕುಡಿದು, ಇಬ್ಬರು ಅಕ್ಕಪಕ್ಕದವರ ಹೇಳಿಕೆ ಬರೆದುಕೊಂಡು ಹೋದರು. ಕಾರ್ಡು ಬಂದಿದ್ದು ಸೆಪ್ಟೆಂಬರ್‌ನಲ್ಲಿ. ಕಾರ್ಡು ಅಂತ ಹೆಸರು, ನೋಡಲು ಸಣ್ಣ ಪಾಸ್‌ಪೋರ್ಟ್ ಪುಸ್ತಕ.

ಅಮ್ಮ ಅದನ್ನು ದೇವರ ಮುಂದೆ ಇಟ್ಟು, 'ಇನ್ನು ಕೆಳಗಿನ ತೋಟ ಇವಳ ಹೆಸರಿಗೆ ತಗೊಳ್ಳಬಹುದಲ್ಲ' ಅಂದರು. ಆಗುವುದಿಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ಬದಲಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಯಿತು ನಿಜ. ಆದರೆ ಒಸಿಐ ಇರುವವರು ಕೃಷಿ ಜಮೀನನ್ನಾಗಲಿ, ತೋಟವನ್ನಾಗಲಿ, ಫಾರ್ಮ್‌ಹೌಸನ್ನಾಗಲಿ ಕೊಳ್ಳುವಂತಿಲ್ಲ. ಇದು ಕೇಂದ್ರದ ನಿಯಮ. ಮನೆ, ಸೈಟು ಆಗುತ್ತದೆ. ವೋಟು ಇಲ್ಲ, ಸರ್ಕಾರಿ ಕೆಲಸವೂ ಇಲ್ಲ. ಪೇಟೆಯವರಿಗೆ ಇದು ಸಣ್ಣ ವಿಷಯ ಇರಬಹುದು. ಮಲೆನಾಡಿನವರಿಗೆ ಅಲ್ಲ, ನಮ್ಮಲ್ಲಿ ಆಸ್ತಿ ಅಂದರೆ ತೋಟವೇ. ಇದನ್ನು ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಅಮ್ಮನಿಗೆ ಒಂದು ವಾರ ಬೇಜಾರಿತ್ತು. ಆಮೇಲೆ ನಾವು ಹಂಪಿಗೆ ಹೋದಾಗ ಇವಳಿಗೂ 600 ರೂಪಾಯಿ ಬದಲು ನಮ್ಮ ಥರವೇ 40 ರೂಪಾಯಿ ಟಿಕೆಟ್ ಕೊಟ್ಟಿದ್ದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಬಾಕಿ ಇದೆ. ಗಂಡ ಅಥವಾ ಹೆಂಡತಿಯ ಲೆಕ್ಕದಲ್ಲಿ ಒಸಿಐ ಪಡೆದವರು ಹೊಸ ಪಾಸ್‌ಪೋರ್ಟ್ ಮಾಡಿಸಿದಾಗಲೆಲ್ಲ ಮೂರು ತಿಂಗಳೊಳಗೆ ಅದನ್ನು, ಹೊಸ ಫೋಟೋವನ್ನು, ಮದುವೆ ಇನ್ನೂ ಉಳಿದಿದೆ ಅನ್ನುವ ಹೇಳಿಕೆಯನ್ನು ಅಪ್‌ಲೋಡ್ ಮಾಡಬೇಕು. ಅವಳ ಪಾಸ್‌ಪೋರ್ಟ್ ಮುಗಿಯುವುದು 2027ರಲ್ಲಿ. ಆ ತಾರೀಕನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಬರೆದು ಅಂಟಿಸಿದ್ದೇವೆ. ಅದರ ಕೆಳಗೆ ಅವಳು ಮದುವೆಯ ಎರಡು ತಾರೀಕನ್ನೂ ಬರೆದು, ಎರಡನೆಯದಕ್ಕೆ ಕೆಂಪು ಗೆರೆ ಎಳೆದಿದ್ದಾಳೆ.