ರಾಜಕೀಯ ಹತ್ಯೆಗಳ ಸುತ್ತ ಹಬ್ಬುವ ಸಂಚಿನ ಕಥೆಗಳನ್ನು ಪರಿಶೀಲಿಸುವುದು ಹೇಗೆ?

ಜನವರಿ 30ರ ಬೆಳಿಗ್ಗೆ ಹನ್ನೊಂದರ ಮೌನಾಚರಣೆ ಮುಗಿಸಿಕೊಂಡು ಚಿತ್ರದುರ್ಗದ ಗಾಂಧಿ ವೃತ್ತದಿಂದ ಮನೆಗೆ ಮರಳುತ್ತಿದ್ದಾಗ, ನಮ್ಮ ಬೀದಿಯ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲನ್ನು ಮುಂದೆ ಹಿಡಿದು, “ಸರ್, ಗಾಂಧೀಜಿಗೆ ನಾಲ್ಕನೆಯ ಗುಂಡು ಹೊಡೆದವರು ಯಾರು?” ಎಂದು ಕೇಳಿದ. ಯಾರನ್ನೂ ಕೆಣಕುವ ಉದ್ದೇಶ ಅವನಿಗಿರಲಿಲ್ಲ. ದಾವಣಗೆರೆಯಲ್ಲಿರುವ ಅವನ ದೊಡ್ಡಪ್ಪ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದ ಸಂದೇಶ ಅವನನ್ನು ನಿಜಕ್ಕೂ ಕಾಡಿತ್ತು. ಆದರೆ ಆ ಪ್ರಶ್ನೆಯ ಹೊಟ್ಟೆಯಲ್ಲೇ ಒಂದು ತೀರ್ಮಾನ ಕುಳಿತಿತ್ತು. ನಾಲ್ಕನೆಯ ಗುಂಡೊಂದು ಇತ್ತೆಂದು ಒಪ್ಪಿಕೊಂಡವರಷ್ಟೇ ಅದನ್ನು ಹೊಡೆದವರು ಯಾರೆಂದು ಕೇಳಬಲ್ಲರು. ಆದ್ದರಿಂದ ಇಂಥ ಕಥೆ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಉತ್ತರ ಹುಡುಕುವುದಲ್ಲ, ಪ್ರಶ್ನೆಯನ್ನು ಬಿಡಿಸಿ ಹರಡುವುದು.

ಅದಕ್ಕೆ ಒಂದು ಹಾಳೆ ಸಾಕು. ಹುಡುಗನನ್ನು ಜಗಲಿಯ ಮೇಲೆ ಕೂರಿಸಿ, ಅವನ ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಸಿದೆ: ದಾಖಲೆಯಿಂದ ಸ್ಥಿರಪಟ್ಟಿದ್ದು, ಯಾರೋ ಹೇಳಿದ್ದು, ನಾವು ಜೋಡಿಸಿಕೊಂಡಿದ್ದು. ಮೊದಲ ಅಂಕಣಕ್ಕೆ ಬಂದ ಸಂಗತಿಗಳು ಇವು. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ನಾಥೂರಾಮ್ ಗೋಡ್ಸೆ ಎದುರಿಗೇ ನಿಂತು ಮೂರು ಗುಂಡು ಹಾರಿಸಿದ, ಅಲ್ಲೇ ಸಿಕ್ಕಿಬಿದ್ದ. ಕೆಂಪುಕೋಟೆಯಲ್ಲಿ ಎಂಟು ಮಂದಿಯ ವಿಚಾರಣೆ ನಡೆದು, 1949ರ ಫೆಬ್ರವರಿ 10ರಂದು ಏಳು ಮಂದಿ ತಪ್ಪಿತಸ್ಥರೆಂಬ ತೀರ್ಪು ಬಂತು. ಮೇಲ್ಮನವಿಯಲ್ಲಿ ಅವರಲ್ಲಿ ಇಬ್ಬರು ಬಿಡುಗಡೆಯಾದರು. ಗೋಡ್ಸೆ ಮತ್ತು ನಾರಾಯಣ ಆಪ್ಟೆ ಅದೇ ವರ್ಷ ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗಲ್ಲಿಗೇರಿದರು. ಎರಡನೆಯ ಅಂಕಣಕ್ಕೆ ಬಂದದ್ದು ನಾಲ್ಕು ಗುಂಡುಗಳೆಂದು ಬರೆದಿದ್ದ ಆ ದಿನಗಳ ಪತ್ರಿಕಾ ವರದಿಗಳು. ಅವುಗಳನ್ನು ಆಧರಿಸಿ ಮರುತನಿಖೆ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ವಜಾ ಮಾಡಿತು. ನಾಲ್ಕನೆಯ ಗುಂಡು ಇದ್ದರೆ ಇನ್ನೊಬ್ಬ ಹಂತಕ ಇರಬೇಕು, ಅವನ ಹಿಂದೆ ವಿದೇಶಿ ಶಕ್ತಿಯೊಂದು ಇರಬೇಕು ಎಂಬುದೆಲ್ಲ ಮೂರನೆಯ ಅಂಕಣಕ್ಕೆ ಹೋಯಿತು. ಮೊಬೈಲಿನ ಸಂದೇಶದಲ್ಲಿ ಮೂರೂ ಅಂಕಣಗಳ ಮಾತುಗಳು ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಬಂದಿದ್ದವು. ಗುಂಡಿನ ಸದ್ದಿಗೆ ಬೆಚ್ಚಿ ಚದುರಿದ ಜನ ಮೊದಲ ಗಂಟೆಗಳಲ್ಲಿ ಹೇಳುವ ಲೆಕ್ಕ ಒಂದಕ್ಕೊಂದು ತಾಳೆಯಾಗದಿರುವುದು ಸಹಜವೆಂಬುದನ್ನು ಅಲ್ಲಿ ಯಾರೂ ಹೇಳಿರಲಿಲ್ಲ.

ಎರಡನೆಯ ಕೆಲಸ, ಅನುಮಾನ ಎಲ್ಲಿಂದ ಹುಟ್ಟಿತೆಂದು ಹುಡುಕುವುದು. ಇದೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಸಂಚಿನ ಕಥೆ ನಂಬುವವರನ್ನು ದಡ್ಡರೆಂದು ತಳ್ಳಿಹಾಕುವವರು ಈ ಹಂತವನ್ನೇ ದಾಟಿಬಿಡುತ್ತಾರೆ. ಕಥೆಗಳು ಬರಿಗಾಳಿಯಲ್ಲಿ ಹುಟ್ಟುವುದಿಲ್ಲ. ತಿಳಿಯಲೇಬೇಕಾಗಿದ್ದ ಒಂದು ಸಂಗತಿ ತಿಳಿಯದೆ ಉಳಿದ ಜಾಗದಲ್ಲಿ ಬೇರು ಬಿಡುತ್ತವೆ. ದುರ್ಗದವರಾದ ನಮಗೆ ಇದು ಹೊಸದಲ್ಲ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ, ಮದಕರಿ ನಾಯಕರು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ ಮೇಲೆ ಅವರ ಅಂತ್ಯ ಹೇಗಾಯಿತೆಂಬುದನ್ನು ಇಲ್ಲಿನ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ನನ್ನ ಅಜ್ಜಿ ಆ ಮಾತು ಬಂದಾಗಲೆಲ್ಲ ದನಿ ತಗ್ಗಿಸುತ್ತಿದ್ದರು. ಊರಿನ ದೊರೆ ಊರಿನವರ ಕಣ್ಣಿಗೆ ಬೀಳದ ಕಡೆ, ಸೆರೆ ಹಿಡಿದವರ ಕೈಯಲ್ಲೇ ಸತ್ತರೆ, ಆ ಸಾವಿನ ಸುದ್ದಿಯನ್ನು ತಂದವರ ಮಾತನ್ನು ಹಾಗೆಯೇ ನಂಬುವುದು ಯಾರಿಗೂ ಸುಲಭವಲ್ಲ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಹೃದಯಾಘಾತದಿಂದ ತೀರಿಕೊಂಡರೆಂದು ಪ್ರಕಟವಾದ ಸುದ್ದಿಯ ಸುತ್ತ ಇಂದಿಗೂ ಅನುಮಾನ ಸುಳಿಯುವುದಕ್ಕೆ ಕಾರಣವೂ ಅಂಥದ್ದೇ: ದೂರದ ಊರು, ಮರಣೋತ್ತರ ಪರೀಕ್ಷೆ ನಡೆಯದ ದೇಹ.

ಇಂಥ ತೆರಪುಗಳಲ್ಲಿ ಅತ್ಯಂತ ದೊಡ್ಡದು ಆರೋಪಿ ಕಟಕಟೆಗೆ ಬರುವ ಮೊದಲೇ ಸತ್ತಾಗ ಉಂಟಾಗುತ್ತದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಜಾನ್ ಕೆನಡಿ ಹತರಾದರು. ಅಂದೇ ಬಂಧಿತನಾದ ಲೀ ಹಾರ್ವೆ ಆಸ್ವಾಲ್ಡ್‌ನನ್ನು ಎರಡು ದಿನಗಳ ನಂತರ, ಪೊಲೀಸ್ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ, ಸುತ್ತ ಪೊಲೀಸರಿರುವಾಗಲೇ ಮತ್ತು ಟೆಲಿವಿಷನ್ ನೇರ ಪ್ರಸಾರ ಮಾಡುತ್ತಿರುವಾಗಲೇ ಜ್ಯಾಕ್ ರೂಬಿ ಎಂಬವನು ಗುಂಡಿಕ್ಕಿ ಕೊಂದ. ಅವನೊಬ್ಬನೇ ಉತ್ತರಿಸಬೇಕಾಗಿದ್ದ ಪ್ರಶ್ನೆಗಳು ಅವನೊಂದಿಗೇ ಹೋದವು. ಆ ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗ 1964ರಲ್ಲಿ ಕೊಟ್ಟ 888 ಪುಟಗಳ ವರದಿಗೂ ಆ ತೆರಪನ್ನು ಮುಚ್ಚಲಾಗಲಿಲ್ಲ. ಇದಕ್ಕೆ ಪ್ರತಿಯಾಗಿ 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್‌ರಿಗೆ ಗುಂಡಿಕ್ಕಿದ ಚಾರ್ಲ್ಸ್ ಗಿಟೊ ತೆರೆದ ನ್ಯಾಯಾಲಯದಲ್ಲಿ ವಾರಗಟ್ಟಲೆ ಮಾತಾಡಿದ. ಅವನ ಬುದ್ಧಿ ಯಾವ ಸ್ಥಿತಿಯಲ್ಲಿದೆಯೆಂದು ಜನ ಕಿವಿಯಾರೆ ಕೇಳಿದರು. ಸತ್ತವರು ಇಬ್ಬರೂ ಅಧ್ಯಕ್ಷರೇ. ಆದರೆ ಗಾರ್‌ಫೀಲ್ಡ್ ಹತ್ಯೆಯ ಹಿಂದಿನ ಸಂಚನ್ನು ಹುಡುಕುವವರು ಇಂದು ಕಾಣಸಿಗುವುದು ಅಪರೂಪ.

ಮೂರನೆಯದಾಗಿ, ನಮ್ಮ ಮನಸ್ಸು ಹಿಡಿದಿರುವ ತಕ್ಕಡಿಯನ್ನೂ ಗಮನಿಸಬೇಕು. ದೊಡ್ಡ ಅನಾಹುತಕ್ಕೆ ಅಷ್ಟೇ ದೊಡ್ಡ ಕಾರಣ ಇರಲೇಬೇಕೆಂದು ನಾವು ಬಯಸುತ್ತೇವೆ. 1979ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿ, ಅಧ್ಯಕ್ಷರೊಬ್ಬರು ಗುಂಡಿಗೆ ಬಲಿಯಾದರೆಂದಾಗ ಜನರು ಸಂಚನ್ನು ಶಂಕಿಸುವ ಸಂಭವ ಹೆಚ್ಚು, ಗುಂಡು ತಪ್ಪಿ ಅವರು ಉಳಿದುಕೊಂಡರೆಂದಾಗ ಕಡಿಮೆ ಎಂದು ಕಂಡುಕೊಂಡಿತು. ಬಂದೂಕಿನ ಹಿಂದಿದ್ದ ಉದ್ದೇಶ ಎರಡರಲ್ಲೂ ಒಂದೇ, ಬದಲಾದದ್ದು ಫಲವಷ್ಟೇ. 1981ರಲ್ಲಿ ಗುಂಡೇಟು ತಿಂದೂ ಬದುಕುಳಿದ ರೇಗನ್‌ರ ಪ್ರಕರಣದ ಬಗ್ಗೆ ಕೆನಡಿ ಪ್ರಕರಣದ ಮಟ್ಟಿಗೆ ಕಥೆಗಳು ಬೆಳೆಯಲಿಲ್ಲ. ಆದ್ದರಿಂದ ಕಥೆಯೊಂದು ನಂಬುವಂತೆ ತೋರಿದಾಗ, ಆ ನಾಯಕ ಬದುಕಿ ಉಳಿದಿದ್ದರೂ ಇದನ್ನೇ ನಂಬುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ನಾಲ್ಕನೆಯದು ಸರ್ಕಾರದ ಮೌನವನ್ನು ಓದುವ ಬಗೆ. ಇಲ್ಲಿ ಸರ್ಕಾರಗಳ ತಪ್ಪೂ ಸಣ್ಣದಲ್ಲ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಅವರನ್ನು ಕೊಲ್ಲಿಸಲು ತಾನೇ ಸಂಚು ಹೂಡಿದ್ದನ್ನು ಸಿಐಎ ವಾರೆನ್ ಆಯೋಗಕ್ಕೆ ತಿಳಿಸಲೇ ಇಲ್ಲ; 1975ರಲ್ಲಿ ಸೆನೆಟ್ ಸಮಿತಿಯ ಮುಂದೆ ಅದು ಬಯಲಾದಾಗ ಆಯೋಗದ ಇಡೀ ವರದಿಯ ಮೇಲೆಯೇ ಜನರ ನಂಬಿಕೆ ಕುಸಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಮ್ಮಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ಬಗ್ಗೆ ಠಕ್ಕರ್ ಆಯೋಗ ಕೊಟ್ಟ ವರದಿಯನ್ನು 1989ರವರೆಗೆ ಜನರಿಂದ ಮುಚ್ಚಿಡಲಾಯಿತು. 1975ರ ಜನವರಿಯಲ್ಲಿ ಸಮಸ್ತಿಪುರದಲ್ಲಿ ಬಾಂಬಿಗೆ ಬಲಿಯಾದ ರೈಲ್ವೆ ಸಚಿವ ಎಲ್.ಎನ್. ಮಿಶ್ರಾ ಅವರ ಪ್ರಕರಣದ ತೀರ್ಪು ಬಂದದ್ದು 2014ರ ಡಿಸೆಂಬರ್‌ನಲ್ಲಿ. ಮೂವತ್ತೊಂಬತ್ತು ವರ್ಷ ಕಾದ ಜನ ಅನುಮಾನಪಟ್ಟರೆ ಅವರನ್ನು ದೂರುವುದು ನ್ಯಾಯವಲ್ಲ. ಹಾಗೆಂದು, ಏನೋ ಮುಚ್ಚಿಟ್ಟಿದ್ದಾರೆ ಎಂಬುದರಿಂದ ಇಂಥದ್ದನ್ನೇ ಮುಚ್ಚಿಟ್ಟಿದ್ದಾರೆ ಎಂಬುದಕ್ಕೆ ನೇರವಾಗಿ ಜಿಗಿಯುವಂತಿಲ್ಲ. ಸಿಐಎ ಮುಚ್ಚಿಟ್ಟದ್ದು ತನ್ನದೇ ಇನ್ನೊಂದು ಅಪರಾಧವನ್ನು.

ಐದನೆಯ ಕೆಲಸ ಕಾಕತಾಳೀಯಗಳನ್ನು ಬೇರ್ಪಡಿಸುವುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಟ್ಟುವ ನಮ್ಮ ಅಭ್ಯಾಸಕ್ಕೆ ಡಲ್ಲಾಸ್‌ನ ಕೊಡೆಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಕೆನಡಿಯವರ ಕಾರು ಸಾಗುತ್ತಿದ್ದ ರಸ್ತೆಯ ಅಂಚಿನಲ್ಲಿ, ಬಿಸಿಲು ಬಿದ್ದಿದ್ದ ಹೊತ್ತಿನಲ್ಲಿ, ಒಬ್ಬ ಮನುಷ್ಯ ಕಪ್ಪು ಕೊಡೆ ಬಿಚ್ಚಿ ಹಿಡಿದು ನಿಂತಿದ್ದ. ಸರಿಯಾಗಿ ಅವನ ಬಳಿಯೇ ಗುಂಡುಗಳು ತಗುಲಿದವು. ಅದು ಹಂತಕರಿಗೆ ಕೊಟ್ಟ ಸಂಕೇತವೆಂದು ಕೆಲವರು, ಕೊಡೆಯೊಳಗೇ ವಿಷದ ಬಾಣವಿತ್ತೆಂದು ಇನ್ನು ಕೆಲವರು ಬರೆದರು. 1978ರಲ್ಲಿ ಆ ಮನುಷ್ಯನೇ ಸಂಸದೀಯ ಸಮಿತಿಯ ಮುಂದೆ ಬಂದು ಕೊಡೆಯ ಕಾರಣ ಹೇಳಿದ. ಹಿಟ್ಲರನನ್ನು ಓಲೈಸಿದ ಬ್ರಿಟಿಷ್ ಪ್ರಧಾನಿ ಚೇಂಬರ್ಲಿನ್‌ರ ಗುರುತೇ ಕಪ್ಪು ಕೊಡೆಯಾಗಿತ್ತು. ಆ ನೀತಿಯನ್ನು ಬೆಂಬಲಿಸಿದ್ದ ಕೆನಡಿಯವರ ತಂದೆಯನ್ನು ನೆನಪಿಸಿ ಮಗನನ್ನು ಅಣಕಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಇಂಥ ವಿವರಣೆಯನ್ನು ಕೋಣೆಯಲ್ಲಿ ಕುಳಿತು ಊಹಿಸುವುದು ಯಾರಿಂದಲೂ ಆಗದು. ಹಾಗಾಗಿ ‘ಬೇರೆ ವಿವರಣೆ ಸಾಧ್ಯವೇ ಇಲ್ಲ’ ಎಂಬ ಸಾಲು ಕಂಡಲ್ಲಿ ನಿಲ್ಲಿ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸಂಚುಗಳೇ ಇರುವುದಿಲ್ಲವೆಂದಲ್ಲ. ನಿಜವಾದ ಸಂಚುಗಳ ಚಹರೆಯನ್ನು ಬಲ್ಲವರಿಗೆ ಹುಸಿಯನ್ನು ಗುರುತಿಸುವುದು ಸುಲಭವಾಗುತ್ತದೆ. ಗಾಂಧೀಜಿಯ ಹತ್ಯೆಯೇ ಸಾಬೀತಾದ ಸಂಚು. ಹತ್ತು ದಿನ ಮೊದಲು, ಜನವರಿ 20ರಂದು, ಅದೇ ಬಿರ್ಲಾ ಭವನದಲ್ಲಿ ಸ್ಫೋಟ ನಡೆಸಿ ಮದನಲಾಲ್ ಪಹವಾ ಸಿಕ್ಕಿಬಿದ್ದಿದ್ದ; ಅವನು ಅದಕ್ಕೂ ಮುಂಚೆ ಮುಂಬಯಿಯ ಪ್ರಾಧ್ಯಾಪಕರೊಬ್ಬರ ಬಳಿ ಬಾಯಿಬಿಟ್ಟಿದ್ದ; ಒಳಗಿನವನೇ ಆದ ದಿಗಂಬರ ಬಡ್ಗೆ ಮಾಫಿ ಸಾಕ್ಷಿಯಾದ. ಬೆರಳೆಣಿಕೆಯ ಜನರ ಗುಟ್ಟೂ ನಿಲ್ಲಲಿಲ್ಲ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ಎಲ್‌ಟಿಟಿಇ ಸಂಚು ಬಿಚ್ಚಿಕೊಂಡದ್ದು, ಸ್ಫೋಟದಲ್ಲಿ ಸತ್ತ ಛಾಯಾಗ್ರಾಹಕನ ಕ್ಯಾಮೆರಾದಲ್ಲಿ ಉಳಿದಿದ್ದ ಚಿತ್ರಗಳಿಂದ. ಅದೇ ಪ್ರಕರಣದ ಪ್ರಮುಖ ಶಂಕಿತ ಶಿವರಾಸನ್ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸುತ್ತುವರಿಯಲ್ಪಟ್ಟು ಜೀವಂತವಾಗಿ ಸಿಗದೆ ಹೋದದ್ದರಿಂದ, ಅಲ್ಲಿಯೂ ಒಂದು ತೆರಪು ಉಳಿಯಿತು.

ತೀರ್ಪನ್ನು ಓದುವಾಗ ಕೊನೆಯ ನ್ಯಾಯಾಲಯದ ಮಾತನ್ನೇ ಹುಡುಕಬೇಕು. ರಾಜೀವ್ ಹತ್ಯೆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 1998ರಲ್ಲಿ 26 ಮಂದಿಗೂ ಮರಣದಂಡನೆ ವಿಧಿಸಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ನಾಲ್ವರಿಗೆ ಮಾತ್ರ. ಇನ್ನೂ ವಿಚಾರಣೆಯಲ್ಲಿರುವ ಪ್ರಕರಣವಾದರೆ ದೋಷಾರೋಪ ಪಟ್ಟಿಯ ಮಾತನ್ನು ಎರಡನೆಯ ಅಂಕಣದಲ್ಲೇ ಇಡಿ, ಅದು ನಿಮಗೆ ಎಷ್ಟೇ ಸರಿಯೆನಿಸಿದರೂ.

ಕೊನೆಯ ಪರೀಕ್ಷೆ ಕಥೆಯನ್ನು ಹೇಳುವವರಿಗೆ ಕೇಳುವಂಥದ್ದು: ಯಾವ ಸಾಕ್ಷ್ಯ ಸಿಕ್ಕರೆ ನಿಮ್ಮ ನಂಬಿಕೆ ಬದಲಾದೀತು? ಸಾಕ್ಷ್ಯವಿಲ್ಲದಿರುವುದೇ ಸಂಚಿನ ಸಾಕ್ಷ್ಯ ಎಂಬ ಉತ್ತರ ಬಂದರೆ ಅಲ್ಲಿಗೆ ಪರಿಶೀಲನೆ ನಿಲ್ಲುತ್ತದೆ, ಏಕೆಂದರೆ ಮುಂದೆ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ. ಹಿರಿಯರಾದರೆ ಇದನ್ನು ಗುಂಪಿನಲ್ಲಿ ಎಲ್ಲರೆದುರು ಕೇಳದೆ ಫೋನು ಮಾಡಿ ಕೇಳುವುದು ಒಳ್ಳೆಯದು. ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟ. ಹುಡುಗ ಜಗಲಿಯಿಂದಲೇ ಕರೆ ಮಾಡಿ, “ದೊಡ್ಡಪ್ಪ, ನಾಲ್ಕನೇ ಗುಂಡಿನ ವಿಷಯ ನೀವು ಎಲ್ಲಿ ಓದಿದ್ರಿ?” ಎಂದು ಕೇಳಿದ. ಇನ್ನೊಂದು ಗುಂಪಿನಲ್ಲಿ ಬಂದಿತ್ತು, ಹಾಗೇ ಕಳಿಸಿದೆ ಎಂದರು ಅವರು. ಹುಡುಗ ಅದನ್ನು ಎರಡನೆಯ ಅಂಕಣದಲ್ಲಿ ಬರೆದುಕೊಂಡು, ಹಾಳೆಯ ಫೋಟೊ ತೆಗೆದು ದೊಡ್ಡಪ್ಪನಿಗೆ ಮಾತ್ರ ಕಳಿಸಿದ.