ಹೊಸ ಸಿಮ್ಯುಲೇಟರ್ ಕೊಳ್ಳುವ ಮೊದಲು ರಾತ್ರಿ 9ಕ್ಕೆ ಒಂದು ಲ್ಯಾಂಡಿಂಗ್
ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಬಿಟ್ಟು 2024ಕ್ಕೆ ಹೋಗಬೇಕಾ ಅಂತ ಯೋಚಿಸುತ್ತಿದ್ದರೆ, ಮೊದಲೇ ಪೂರ್ತಿ ದುಡ್ಡು ಕೊಡಬೇಡಿ. ಒಂದು ತಿಂಗಳ ಪಿಸಿ ಗೇಮ್ ಪಾಸ್ (ಚಂದಾ ಕಟ್ಟಿ ಆಟ ಆಡುವ ಮೈಕ್ರೋಸಾಫ್ಟ್ ಸೇವೆ) ತಗೊಂಡು 2024 ಆಡಿ ನೋಡಿ. ಹಳೆಯದನ್ನು ಅಳಿಸದೆ, ರಾತ್ರಿ 9ರ ಹೊತ್ತಿಗೆ ಎರಡರಲ್ಲೂ ಮುಂಬೈ ರನ್‌ವೇ 27ಕ್ಕೆ ಇಳಿಸಿ ನೋಡಿ. 2024ರ ಆವೃತ್ತಿ ವಿಮಾನ, ನೆಲ ಎಲ್ಲವನ್ನೂ 2020ಕ್ಕಿಂತ ಜಾಸ್ತಿ ನೆಟ್‌ನಿಂದಲೇ ಎಳೆದುಕೊಳ್ಳುತ್ತದೆ. ಬಿಲ್ಡಿಂಗಿನವರೆಲ್ಲ ಸಿನಿಮಾ ಹಾಕಿಕೊಂಡು ಕೂತ ಹೊತ್ತಲ್ಲೇ ಅಲ್ವಾ ನಿಮ್ಮ ನೆಟ್ ಲೈನಿನ ನಿಜವಾದ ತಾಕತ್ತು ಗೊತ್ತಾಗುವುದು! ಈ ರನ್‌ವೇಗೆ ಇಳಿಯುವ ದಾರಿಯಲ್ಲಿರುವ ಮುಂಬೈ ಬಡಾವಣೆ ಘಾಟ್‌ಕೋಪರ್ ಮೇಲೆ ತಗ್ಗಿ ಬರುವಾಗ ಮನೆಗಳು ಮಣ್ಣಿನ ಮುದ್ದೆಯಂತೆ ಕಂಡರೆ ಸದ್ಯ 2020ರಲ್ಲೇ ಇರಿ. ಆದರೆ 2020ಕ್ಕೆ ಅಂತ ದುಡ್ಡು ಕೊಟ್ಟು ಬೇರೆಯಾಗಿ ಕೊಂಡ ಆಡ್-ಆನ್ (ಹೆಚ್ಚುವರಿ) ವಿಮಾನಗಳಿಗೆ ಈ ಪರೀಕ್ಷೆ ಸಾಲದು. ಕೆಲವು ಸೀದಾ ಓಡುತ್ತವೆ, ಕೆಲವಕ್ಕೆ ತಯಾರಕರ ಹೊಸ ಆವೃತ್ತಿಯೇ ಬೇಕು. ಒಂದೊಂದನ್ನೂ ವಿಚಾರಿಸಿಕೊಳ್ಳಿ.