ಹಿತ್ತಲಲ್ಲಿ ಜೀರ್ಜಿಂಬೆ ಸಿಕ್ಕರೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ನಮ್ಮ ಹಿತ್ತಲ ಬೇಲಿಯ ಜಾಲಿ ಗಿಡದಲ್ಲಿ ಒಂದು ಜೀರ್ಜಿಂಬೆ ಸಿಕ್ಕಿತು. ಎಷ್ಟು ವರ್ಷ ಆಗಿತ್ತು ನೋಡಿ! ಹೆಬ್ಬೆರಳಿನಷ್ಟು ಗಾತ್ರ, ಬೆನ್ನು ಹಚ್ಚಹಸಿರು. ಸ್ವಲ್ಪ ವಾಲಿ ನೋಡಿದರೆ ಅದೇ ಹಸಿರು ನೀಲಿಗೆ ತಿರುಗುತ್ತದೆ.

ನಿಮಗೂ ನೋಡಬೇಕು ಅನ್ನಿಸಿದರೆ ಮಳೆ ಬಿದ್ದ ಮೇಲೆ ಹುಡುಕಿ, ಅದೂ ಬಿಸಿಲೇರುವ ಮೊದಲು. ಆಗ ಮೈ ತಣ್ಣಗಿರುವುದರಿಂದ ಬೇಗ ಹಾರುವುದಿಲ್ಲ. ಮೊದಲು ಜಾಲಿ ಎಲೆ ನೋಡಿ, ಅದೇ ಇದರ ಊಟ. ಕೊಂಬೆ ಅಲುಗಿಸಬೇಡಿ. ಗಾಬರಿಯಾದರೆ ಕಾಲು ಮಡಚಿ ಸತ್ತ ಹಾಗೆ ಕೆಳಗೆ ಬೀಳುತ್ತದೆ, ಹುಲ್ಲಿನಲ್ಲಿ ಮತ್ತೆ ಸಿಗುವುದು ಕಷ್ಟ. ನಾನು ಕೆಳಗೊಂದು ಹಳೇ ಪಂಚೆ ಹಾಸಿದ್ದೆ.

ಫೋಟೋಗೆ ಫ್ಲ್ಯಾಶ್ ಬೇಡ, ಬೆನ್ನು ಬರೀ ಬಿಳಿ ಚುಕ್ಕೆಯಾಗಿ ಬರುತ್ತದೆ. ಮೇಲಿಂದ, ಪಕ್ಕದಿಂದ, ಆಮೇಲೆ ತಿಂದ ಎಲೆಯದ್ದೂ ಒಂದು ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಜಾತಿ ಗುರುತಿಸಲು ತಿಳಿದವರು ನೆರವಾಗುತ್ತಾರೆ.

ಬೆಂಕಿಪೊಟ್ಟಣದಲ್ಲಿ ಮಾತ್ರ ಇಡಬೇಡಿ. ಚಿಕ್ಕವರಿದ್ದಾಗ ನಾವೆಲ್ಲ ಅದನ್ನೇ ಮಾಡಿದ್ದು, ಅಲ್ವಾ? ಮರಿಹುಳ ಮಣ್ಣೊಳಗೆ ಬೇರು ತಿಂದು ತಿಂಗಳುಗಟ್ಟಲೆ ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ವಾರ. ಸತ್ತದ್ದು ಸಿಕ್ಕರೆ ಬೇಕಾದರೆ ಇಟ್ಟುಕೊಳ್ಳಿ. ಆ ಹೊಳಪು ಬಣ್ಣ ಬಳಿದದ್ದಲ್ಲ, ರೆಕ್ಕೆಯ ರಚನೆಯಿಂದಲೇ ಬರುವಂಥದ್ದು, ಬೇಗ ಮಾಸುವುದಿಲ್ಲ. ಹಿಂದೆ ಸೀರೆ, ಶಾಲುಗಳ ಕಸೂತಿಗೂ ಇದರ ರೆಕ್ಕೆ ಹೊಲಿಯುತ್ತಿದ್ದರು.

ಬೇಲಿಗೆ ಔಷಧಿ ಹೊಡೆಯುವವರು ಆ ಜಾಲಿ ಗಿಡ ಒಂದನ್ನಾದರೂ ಸುಮ್ನೆ ಬಿಟ್ಟುಬಿಡಿ.